ಡಬ್ಬಿಯ ರೊಕ್ಕ, ಕಿರ್ದಿಯ ಶಿಲ್ಕು

ನಮ್ಮ ರೊಟ್ಟಿ ವ್ಯಾಪಾರದ ರೊಕ್ಕವೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ ಇರುತ್ತಿತ್ತು. ಖಾನಾವಳಿಯವರು ಕೊಟ್ಟದ್ದು ಅದರೊಳಗೆ, ಜೋಳಕ್ಕೆ ಕೊಡುವುದು ಅದರಿಂದಲೇ. ಮಗಳ ಕಾಲೇಜಿನ ಫೀ, ಅತ್ತೆಯ ಗುಳಿಗೆ, ಸಂತೆಯ ಕಾಯಿಪಲ್ಲೆ, ಎಲ್ಲಕ್ಕೂ ಅದೇ ಡಬ್ಬಿ. ರಾತ್ರಿ ಮುಚ್ಚಳ ತೆಗೆದು ನೋಡುತ್ತಿದ್ದೆ. ತುಂಬಿದ್ದರೆ ಈ ತಿಂಗಳು ಚಲೋ ಆಯಿತು ಅಂದುಕೊಳ್ಳುತ್ತಿದ್ದೆ. ತಳ ಕಂಡರೆ ನಷ್ಟ ಆಯಿತು ಅಂತ ನಿದ್ದೆ ಬರುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು.

ನಾನಿರುವುದು ಗದಗದ ಬೆಟಗೇರಿಯಲ್ಲಿ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಮನೆಯವರು ಕೆಲಸಕ್ಕಿದ್ದ ಅಂಗಡಿ ಮುಚ್ಚಿತು. ಮರುವರ್ಷ ನಾನು ಹಂಚು ಇಟ್ಟೆ. ಮೊದಲು ಓಣಿಯವರಿಗೆ, ಆಮೇಲೆ ಖಾನಾವಳಿಗಳಿಗೆ, ಕಿರಾಣಿ ಅಂಗಡಿಗಳಿಗೆ. 2022ರ ಹೊತ್ತಿಗೆ ಒಂದು ಸಣ್ಣ ಶೆಡ್ ಬಾಡಿಗೆಗೆ ಹಿಡಿದಿದ್ದೆ. ನಾನು ಮತ್ತು ಓಣಿಯ ಇಬ್ಬರು ಅಕ್ಕಂದಿರು, ಒಬ್ಬೊಬ್ಬರು ನೂರರಂತೆ ದಿನಕ್ಕೆ 300 ಖಡಕ್ ರೊಟ್ಟಿ ಬಡಿಯುತ್ತಿದ್ದೆವು.

ರೊಟ್ಟಿ ಬಡಿಯುವುದಕ್ಕಿಂತ ಹಿಟ್ಟು ನಾದುವುದು ಜಾಸ್ತಿ ಕಷ್ಟ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟು ಇಲ್ಲ. ಎಸರು ಹಾಕಿ, ಬಿಸಿ ಇರುವಾಗಲೇ ಒತ್ತಿ ಒತ್ತಿ ನಾದಬೇಕು. ಇಲ್ಲದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೂವರ ಮಣಿಕಟ್ಟೂ ಹಿಡಿದುಕೊಳ್ಳುತ್ತಿತ್ತು. ನಾದುವ ಮೆಷಿನ್ ತರೋಣ ಅಂತ ವಿಚಾರಿಸಿದೆ. 42,000 ರೂಪಾಯಿ ಅಂದರು. ಆ ಡಿಸೆಂಬರ್‌ನಲ್ಲಿ ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದೆ.

ಅಲ್ಲಿದ್ದವರು ಅರ್ಜಿ ನೋಡಿ ಎರಡೇ ಮಾತು ಕೇಳಿದರು. ತಿಂಗಳಿಗೆ ಲಾಭ ಎಷ್ಟು? ಲೆಕ್ಕದ ಪುಸ್ತಕ ಎಲ್ಲಿ? "ಹತ್ತೋ ಹನ್ನೆರಡೋ ಸಾವಿರ ಉಳೀತೈತ್ರಿ" ಅಂದೆ. "ಹತ್ತೋ, ಹನ್ನೆರಡೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿ ವಾಪಸ್ ಕೈಗೆ ಬಂತು. ಬೆಳಗಿನ ನಾಲ್ಕಕ್ಕೆ ಎದ್ದು ದುಡಿಯುವವಳನ್ನು ಕೂಡಿಸಿ ಎರಡು ಮಾತು ಆಡಲಿಲ್ಲವಲ್ಲ ಅಂತ ಸಿಟ್ಟು ಬಂತು. ಮನೆಗೆ ಬರುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಆ ಪ್ರಶ್ನೆ ಮಾತ್ರ ಉಳಿದಿತ್ತು. ಹತ್ತೋ, ಹನ್ನೆರಡೋ? ನಿಜವಾಗಿ ಎಷ್ಟು?

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ನಲವತ್ತು ವರ್ಷ ಗದಗದ ಅಡತಿ ಅಂಗಡಿಯಲ್ಲಿ ಹತ್ತಿ, ಶೇಂಗಾ, ಮೆಣಸಿನಕಾಯಿಯ ಲೆಕ್ಕ ಬರೆದವರು. ಓಣಿಗೆಲ್ಲ ಅವರು ಗುಮಾಸ್ತ ಕಾಕಾ. ಮರುದಿನ ಸಂಜೆ ನಾಲ್ಕು ರೊಟ್ಟಿ, ಒಂದು ಬಟ್ಟಲು ಶೇಂಗಾ ಚಟ್ನಿ ಹಿಡಿದುಕೊಂಡು ಹೋಗಿ ನಡೆದದ್ದು ಹೇಳಿದೆ.

"ಡಬ್ಬಿ ನೋಡಿ ಲಾಭ ಹೇಳಾಕ ಬರಂಗಿಲ್ಲ ಯವ್ವಾ" ಅಂದರು ಕಾಕಾ. "ಡಬ್ಬ್ಯಾಗ ಇರೂದು ಶಿಲ್ಕು. ಲಾಭ ಬ್ಯಾರೆ. ಮೂರು ತಿಂಗಳ ಕಿರ್ದಿ ಬರಿ. ಆಮ್ಯಾಲ ಬ್ಯಾಂಕಿಗೆ ಹೋಗು."

ಹೀಗೆ 2023ರ ಜನವರಿ 1ರಂದು ನಮ್ಮ ಶೆಡ್ಡಿಗೆ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕ ಬಂತು. ಅದೇ ಕಿರ್ದಿ, ದಿನದಿನದ ರೊಕ್ಕದ ಲೆಕ್ಕ ಬರೆಯುವ ಪುಸ್ತಕ. ಕಾಕಾ ಮೊದಲ ಹಾಳೆಯ ನೆತ್ತಿಯ ಮೇಲೆ "ಶ್ರೀ" ಬರೆಸಿದರು. ಹಾಳೆಯನ್ನು ಉದ್ದಕ್ಕೆ ಮಡಚಿ, ಮತ್ತೆ ಮಡಚಿ, ಉಗುರಿನಿಂದ ಗೀರಿ ಬಿಚ್ಚಿದರು. ಗೆರೆ ಎಳೆಯದೇ ಮನೆ ಬಿದ್ದಿದ್ದವು. "ನಮ್ಮ ಕಾಲದಾಗ ಸ್ಕೇಲು ಯಾರು ಹಿಡೀತಿದ್ರು" ಅಂದರು. ಎಡಕ್ಕೆ ಬಂದದ್ದು, ಅದು ಜಮಾ. ಬಲಕ್ಕೆ ಹೋದದ್ದು, ಅದು ಖರ್ಚು. ಫೋನ್‌ಪೇಗೆ ಬಂದದ್ದಕ್ಕೆ ಬೇರೆ ಮನೆ ಮಾಡಿದೆವು, ಬ್ಯಾಂಕ್ ಅಂತ. ರಾತ್ರಿ ಜಮಾದಲ್ಲಿ ಖರ್ಚು ಕಳೆದರೆ ಉಳಿಯುವುದು ಶಿಲ್ಕು. ಪುಸ್ತಕದ ಶಿಲ್ಕು ಮತ್ತು ಡಬ್ಬಿಯ ರೊಕ್ಕ ಒಂದೇ ಬರಬೇಕು. ಬಂದರೆ ಮಾತ್ರ ಮಲಗಬೇಕು.

ಮೊದಲ ಎಂಟು ದಿನ ಒಂದು ದಿನವೂ ಸರಿ ಬರಲಿಲ್ಲ. ಹತ್ತು ರೂಪಾಯಿ ಚಹಾಕ್ಕೆ ಹೋದದ್ದು ಬರೆದಿರುತ್ತಿರಲಿಲ್ಲ. ಆಟೋದವನಿಗೆ ಕೊಟ್ಟ ಚಿಲ್ಲರೆ ನೆನಪಿರುತ್ತಿರಲಿಲ್ಲ. ಒಂಬತ್ತನೇ ದಿನದ್ದು ನನಗೆ ಚೆನ್ನಾಗಿ ನೆನಪಿದೆ. ಪುಸ್ತಕದಲ್ಲಿ ಶಿಲ್ಕು 3,480. ಡಬ್ಬಿಯಲ್ಲಿ 3,210. ಮೂರು ಸಲ ಎಣಿಸಿದೆ. 270 ಕಡಿಮೆ. ರಾತ್ರಿ ಒಂಬತ್ತೂವರೆಗೆ ಕಾಕಾನ ಬಾಗಿಲು ಬಡಿದೆ. ಅವರು ಪುಸ್ತಕ ತೆರೆಯುವ ಮೊದಲೇ ಕೇಳಿದರು, "ಎಷ್ಟು ತಪ್ಪೈತಿ?" 270 ಅಂದೆ. "ಒಂಬತ್ತರಿಂದ ಭಾಗ ಹೋಗತೈತೇನು?" ಹೋಗುತ್ತದೆ, ಮೂವತ್ತು. "ಹಂಗಾದ್ರ ಅಂಕಿ ಅದಲು ಬದಲು ಬರದೀ. ಹುಡುಕು."

ಬೆರಳಿಟ್ಟು ಕೆಳಗಿಳಿದೆ. ಚೀಲ ಮತ್ತು ಪ್ಯಾಕಿಂಗ್ ಕವರಿಗೆ 470 ಅಂತ ಬರೆದಿದ್ದೆ. ರಸೀದಿ ತೆಗೆದು ನೋಡಿದರೆ 740. ಎರಡರ ನಡುವಿನ ಅಂತರ ಸರಿಯಾಗಿ 270. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದಂತೆ. ಇನ್ನೊಂದು ಗುಟ್ಟನ್ನೂ ಅವತ್ತೇ ಹೇಳಿದರು. ತಪ್ಪಿದ ಮೊತ್ತವನ್ನು ಅರ್ಧ ಮಾಡಿ ನೋಡು, ಆ ಅರ್ಧ ಪುಸ್ತಕದಲ್ಲಿ ಎಲ್ಲಾದರೂ ಸಿಕ್ಕರೆ ಜಮಾಕ್ಕೆ ಬರೆಯುವುದನ್ನು ಖರ್ಚಿಗೋ, ಖರ್ಚಿನದನ್ನು ಜಮಾಕ್ಕೋ ಬರೆದಿರಬಹುದು. ನನಗೆ ಆ ರಾತ್ರಿ ಆದ ಖುಷಿ ಸಣ್ಣದಲ್ಲ. ಲೆಕ್ಕ ಅಂದರೆ ಬರೆದಿಡುವುದು ಅಷ್ಟೇ ಅಂದುಕೊಂಡಿದ್ದೆ. ಅದು ತನ್ನ ತಪ್ಪನ್ನು ತಾನೇ ತೋರಿಸುತ್ತದೆ ಅಂತ ಗೊತ್ತಿರಲಿಲ್ಲ.

ಜನವರಿ ನಡುವಿನಲ್ಲಿ ಖಾತೆ ಪುಸ್ತಕ ಶುರುವಾಯಿತು. ಕಿರ್ದಿಯಲ್ಲಿ ದಿನ ದಿನದ್ದು ಇರುತ್ತದೆ. ಖಾತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಜೋಳದ ಅಂಗಡಿಗೆ ಒಂದು, ಪ್ರತಿ ಖಾನಾವಳಿಗೆ ಒಂದು, ಬಾಡಿಗೆಗೆ ಒಂದು, ಗ್ಯಾಸಿಗೆ ಒಂದು. ಇಲ್ಲಿ ಮಗಳು ಬಂದು ಸೇರಿಕೊಂಡಳು. ಅವಳು ಆಗ ಪಿಯುಸಿ ಕಾಮರ್ಸ್. ಕಾಕಾ ಹೇಳಿದ್ದು, "ಇಸ್ಕೊಂಡವನ ಹೆಸರಿಗೆ ಖರ್ಚು, ಕೊಟ್ಟವನ ಹೆಸರಿಗೆ ಜಮಾ." ಖಾನಾವಳಿಗೆ ನೂರು ರೊಟ್ಟಿ ಉದ್ರಿ ಕೊಟ್ಟರೆ ಅವರ ಖಾತೆಗೆ 700 ಖರ್ಚು, ಮಾರಾಟದ ಖಾತೆಗೆ 700 ಜಮಾ. ಒಂದೇ ವ್ಯವಹಾರ, ಎರಡು ಕಡೆ ಬರಹ. ಮಗಳು ತನ್ನ ಪುಸ್ತಕ ತೆರೆದು, "ಇದೇ ದ್ವಿನಮೂದು ಪದ್ಧತಿ ಅಜ್ಜಾರ. ನೀವು ಖರ್ಚು ಅನ್ನೂದು ಡೆಬಿಟ್, ಜಮಾ ಅನ್ನೂದು ಕ್ರೆಡಿಟ್" ಅಂದಳು. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರ ನಿಮ್ಮದು ಉಲ್ಟಾ ಐತಿ. ನಮ್ಮ ಲೆಡ್ಜರಿನ್ಯಾಗ ಡೆಬಿಟ್ ಎಡಕ್ಕ" ಅಂದಳು.

ಹೌದು, ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಜಮಾ ಎಡಕ್ಕೆ. ಇಂಗ್ಲಿಷ್ ಪದ್ಧತಿಯಲ್ಲಿ ಕ್ರೆಡಿಟ್ ಬಲಕ್ಕೆ. ಪಕ್ಕ ಬದಲಾದರೂ ತತ್ವ ಒಂದೇ. ಇಟಲಿಯ ಲೂಕಾ ಪಾಚೋಲಿ ಅನ್ನುವ ಪಾದ್ರಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಈ ಎರಡು ಕಡೆಯ ಬರಹವನ್ನು ವಿವರಿಸಿದ್ದ ಅಂತ ಮಗಳು ಓದಿ ಹೇಳಿದಳು. ವೆನಿಸ್‌ನ ವ್ಯಾಪಾರಿಗಳು ಅದಕ್ಕೂ ಮೊದಲೇ ಹಾಗೆ ಬರೆಯುತ್ತಿದ್ದರು, ಅವನು ಅದನ್ನು ಪುಸ್ತಕಕ್ಕೆ ಇಳಿಸಿದ. ಕಾಕಾ ಗಮನವಿಟ್ಟು ಕೇಳಿದರು. ಅವರು ಶಾಲೆ ಕಲಿತದ್ದು ಏಳನೇ ತರಗತಿವರೆಗೆ ಮಾತ್ರ. ಅವಳ ಪುಸ್ತಕ ಇಸಿದುಕೊಂಡು ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದರು.

ಖಾತೆ ಬರೆಯುವಾಗ ನನಗೆ ಒಂದು ಮಾತು ಬಹಳ ದಿನ ಒಪ್ಪಿಗೆಯಾಗಲಿಲ್ಲ. ಡಬ್ಬಿಯಿಂದ ಮಗಳ ಫೀ ಕಟ್ಟಿದ್ದನ್ನು ನಾನು ಖರ್ಚಿನಲ್ಲಿ ಬರೆದಿದ್ದೆ. ಕಾಕಾ ಹೊಡೆದು ಹಾಕಿದರು. "ಇದು ಅಂಗಡಿ ಖರ್ಚಲ್ಲ. ಅಂಗಡಿ ಬ್ಯಾರೆ, ನೀ ಬ್ಯಾರೆ. ಅಂಗಡಿಯಿಂದ ನೀ ರೊಕ್ಕ ತಗೊಂಡೀ. ನಿನ್ನ ಹೆಸರಿಗೆ ಬರಿ." ನನ್ನದೇ ಅಂಗಡಿ, ನನ್ನದೇ ರೊಕ್ಕ, ನನ್ನ ಹೆಸರಿಗೆ ನಾನೇ ಬರೆಯುವುದೇ? ಮಗಳ ಪುಸ್ತಕದಲ್ಲೂ ಹಾಗೇ ಇತ್ತು. ವ್ಯಾಪಾರ ಮತ್ತು ಮಾಲೀಕ ಇಬ್ಬರೂ ಬೇರೆ ಬೇರೆ ಅಂತ ಹಿಡಿದೇ ಲೆಕ್ಕ ಬರೆಯಬೇಕು. ಮಾಲೀಕ ಸ್ವಂತಕ್ಕೆ ತೆಗೆದದ್ದನ್ನು ಡ್ರಾಯಿಂಗ್ಸ್ ಅನ್ನುತ್ತಾರೆ. ಅವತ್ತಿನಿಂದ ಎರಡು ಡಬ್ಬಿ ಮಾಡಿದೆ. ಶೆಡ್ಡಿನದು ಸ್ಟೀಲಿನದು, ಮನೆಯದು ಪ್ಲಾಸ್ಟಿಕ್. ವಾರಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಹಾಕುವಾಗ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಫೆಬ್ರವರಿ ಮೊದಲ ಭಾನುವಾರ ಕಾಕಾನ ಪಡಸಾಲೆಯಲ್ಲಿ ಮೂವರೂ ಕುಳಿತು ಜನವರಿಯ ಲೆಕ್ಕ ತೆಗೆದೆವು. ತಿಂಗಳ ಕೊನೆಗೆ ಡಬ್ಬಿ ಮತ್ತು ಬ್ಯಾಂಕ್ ಎರಡೂ ಸೇರಿ 3,400 ರೂಪಾಯಿ ಇಳಿದಿತ್ತು. ಹಳೆಯ ನಾನಾಗಿದ್ದರೆ ನಷ್ಟ ಅನ್ನುತ್ತಿದ್ದೆ. ಮಗಳು ಒಂದೊಂದೇ ಖಾತೆ ಓದಿದಳು. 25 ದಿನಕ್ಕೆ 7,500 ರೊಟ್ಟಿ, ಏಳು ರೂಪಾಯಿಯಂತೆ 52,500. ಜೋಳ ಮತ್ತು ಬೀಸಿದ ಕೂಲಿ 22,500. ಗ್ಯಾಸ್ 4,500. ಇಬ್ಬರು ಅಕ್ಕಂದಿರಿಗೆ ನೂರು ರೊಟ್ಟಿಗೆ 150ರಂತೆ 7,500. ಪ್ಯಾಕಿಂಗ್ 1,500. ಬಾಡಿಗೆ 2,800, ಆಟೋ 2,000, ಲೈಟ್ ಬಿಲ್ 500, ಫೋನು ಮತ್ತು ಕಿರುಕುಳ ಖರ್ಚು, ಅಂದರೆ ಸಣ್ಣಪುಟ್ಟ ಚಿಲ್ಲರೆ ಖರ್ಚು 400. ಒಲೆ, ಹಂಚು, ತಕ್ಕಡಿ ಸವೆಯುತ್ತವಲ್ಲ, ಅದಕ್ಕೆ ಸವಕಳಿ ಅಂತ 300. ಒಟ್ಟು 42,000. ಲಾಭ 10,500.

ನಾನು ಮಗಳ ಕೈಯಿಂದ ಹಾಳೆ ಕಿತ್ತುಕೊಂಡೆ. ಹತ್ತೂವರೆ ಸಾವಿರ ಲಾಭ ಆಗಿದ್ದರೆ ಡಬ್ಬಿ ಯಾಕೆ ಬರಿದಾಯಿತು?

ಕಾಕಾ ಪೆನ್ಸಿಲ್ ತೆಗೆದುಕೊಂಡು ಹಾಳೆಯ ಹಿಂದೆ ಬರೆದರು. 10,500 ಲಾಭ. ಮಾರಿದ್ದರಲ್ಲಿ 11,200 ಈ ತಿಂಗಳು ಹೊಸದಾಗಿ ಉದ್ರಿ ಹೋಗಿದೆ, ಕಳೆ. ಜೋಳದ ಅಂಗಡಿಗೆ 4,500 ಕೊಡದೆ ಬಾಕಿ ಇಟ್ಟಿದ್ದೀ, ಕೂಡಿಸು. ಸವಕಳಿ 300 ಲೆಕ್ಕದಲ್ಲಿ ಮಾತ್ರ, ಡಬ್ಬಿಯಿಂದ ಹೋಗಿಲ್ಲ, ಕೂಡಿಸು. ಮನೆಗೆ ತೆಗೆದದ್ದು 6,000, ಕಳೆ. ಸಂಘದ ಸಾಲದ ಕಂತು 1,500, ಕಳೆ. ಕೊನೆಗೆ ಉಳಿದದ್ದು, ಶಿಲ್ಕಿನಲ್ಲಿ 3,400 ಇಳಿಕೆ. ಒಂದು ರೂಪಾಯಿ ಆಚೆ ಈಚೆ ಇಲ್ಲ.

ಆ ಆರು ಸಾಲನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಕಂತಿನಲ್ಲಿ ಅಸಲು ಕೊಡುವುದು ಖರ್ಚಲ್ಲ, ಬಡ್ಡಿ ಮಾತ್ರ ಖರ್ಚು. ಆ ತಿಂಗಳ ಸಂಘದ ಬಡ್ಡಿ ಬಹಳ ಸಣ್ಣದಿತ್ತು, ಅದು ಕಿರುಕುಳದಲ್ಲೇ ಸೇರಿತ್ತು. ಉದ್ರಿ ಹೋದ ರೊಟ್ಟಿ ಲಾಭದಲ್ಲಿ ಸೇರುತ್ತದೆ, ಡಬ್ಬಿಗೆ ಸೇರುವುದಿಲ್ಲ. ನವೆಂಬರ್‌ನಲ್ಲಿ ಡಬ್ಬಿ ತುಂಬಿ ತುಳುಕಿತ್ತು ಅಂತ ಮಗಳಿಗೆ ಕಿವಿಯೋಲೆ ತಂದಿದ್ದೆ. ಈಗ ಯೋಚಿಸಿದರೆ ಆ ತಿಂಗಳು ಒಂದು ಮದುವೆಯ ಮುಂಗಡ ಬಂದಿತ್ತು, ಜೋಳ ಪೂರ್ತಿ ಉದ್ರಿ ತಂದಿದ್ದೆ. ಅದು ನನ್ನ ಲಾಭ ಆಗಿರಲೇ ಇಲ್ಲ.

ಆಗ ಕಾಕಾ ಇನ್ನೊಂದು ಪ್ರಶ್ನೆ ಹಾಕಿದರು. "ಇಬ್ಬರ ಕೂಲಿ ಬರದೀ. ನಿನ್ನ ಕೂಲಿ ಎಲ್ಲೈತಿ?" ನಾನೂ ದಿನಕ್ಕೆ ನೂರು ರೊಟ್ಟಿ ಬಡಿಯುತ್ತೇನೆ. ಬೇರೆಯವರ ಹಂಚಿನ ಮುಂದೆ ಕುಳಿತಿದ್ದರೆ ತಿಂಗಳಿಗೆ 3,750 ಸಿಗುತ್ತಿತ್ತು. ಇಲ್ಲಿ ಕಾಕಾನಿಗೂ ಮಗಳಿಗೂ ಜಗಳ. ಅಕೌಂಟೆನ್ಸಿ ಪುಸ್ತಕದ ಪ್ರಕಾರ ಮಾಲೀಕಳ ದುಡಿಮೆ ಖರ್ಚಲ್ಲ, ಅವಳಿಗೆ ಸಿಗುವುದು ಲಾಭ. ಆದರೆ ಅದೇ ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕ ಬೇರೆ ಮಾತು ಹೇಳುತ್ತದೆ. ಒಂದು ಕೆಲಸ ಮಾಡಲು ಬಿಟ್ಟುಕೊಟ್ಟ ಇನ್ನೊಂದು ಕೆಲಸದ ಗಳಿಕೆಯೂ ವೆಚ್ಚವೇ, ಅದಕ್ಕೆ ಅವಕಾಶ ವೆಚ್ಚ ಅಂತ ಹೆಸರು. ಮಗಳು ಎರಡೂ ಪುಸ್ತಕ ಎದುರಿಗಿಟ್ಟುಕೊಂಡು ಯಾವುದು ಸರಿ ಅಂತ ಕುಳಿತಳು. ಎರಡೂ ಸರಿ. ಬ್ಯಾಂಕಿಗೆ ತೋರಿಸುವಾಗ ಲಾಭ 10,500. ಈ ವ್ಯಾಪಾರ ನನಗೆ ತಕ್ಕುದೋ ಅಲ್ವಾ ಅಂತ ನಾನೇ ತೂಗಿ ನೋಡುವಾಗ 6,750. ನನ್ನ ಮಟ್ಟಿಗೆ ಎರಡನೇ ಅಂಕಿಯೇ ದೊಡ್ಡ ಮಾತು. ಮನೆಯಲ್ಲಿ ಕುಳಿತು ದುಡಿಯುವ ಹೆಣ್ಣುಮಕ್ಕಳು ತಮ್ಮ ಕೂಲಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಪ್ಪಳ ಮಾಡುವವರು, ಹೊಲಿಗೆ ಹಾಕುವವರು, ಎಲ್ಲರದ್ದೂ ಇದೇ ಕಥೆ. ಸಾಮಾನಿನ ಖರ್ಚು ಕಳೆದು ಉಳಿದದ್ದೆಲ್ಲ ಲಾಭ ಅಂತಾರೆ. ಅದರಲ್ಲಿ ಅವರ ಬೆವರಿನ ಕೂಲಿಯೂ ಇರುತ್ತದೆ.

ಫೆಬ್ರವರಿಯಲ್ಲಿ ಈ ಲೆಕ್ಕ ಕೆಲಸಕ್ಕೆ ಬಂತು. ಮುಳಗುಂದದ ಒಂದು ಮದುವೆಯವರು 2,000 ರೊಟ್ಟಿ ಕೇಳಿದರು. ಆರು ರೂಪಾಯಿಗೆ ಮೇಲೆ ಕೊಡುವುದಿಲ್ಲ ಅಂದರು. ನಾನು ಲೆಕ್ಕ ಹಾಕಿದೆ. ಒಂದು ರೊಟ್ಟಿಗೆ ಹಿಟ್ಟು ಮೂರು ರೂಪಾಯಿ, ಕೂಲಿ ನನ್ನದೂ ಸೇರಿ ಒಂದೂವರೆ, ಗ್ಯಾಸ್ 60 ಪೈಸೆ, ಪ್ಯಾಕಿಂಗ್ 20 ಪೈಸೆ. ಒಟ್ಟು 5.30. ಬಾಡಿಗೆ, ಆಟೋ, ಲೈಟು, ಫೋನು ಮತ್ತು ಕಿರುಕುಳ, ಸವಕಳಿ ಸೇರಿ ತಿಂಗಳಿಗೆ 6,000. ಅದನ್ನು 7,500 ರೊಟ್ಟಿಗೆ ಹಂಚಿದರೆ 80 ಪೈಸೆ. ಅಲ್ಲಿಗೆ ರೊಟ್ಟಿಗೆ 6.10 ಬೀಳುತ್ತದೆ. ಆರಕ್ಕೆ ಕೊಟ್ಟರೆ ಹತ್ತು ಪೈಸೆ ನಷ್ಟ. ಬೇಡ ಅಂತ ಹೇಳಲು ಫೋನ್ ತೆಗೆದೆ.

ಮಗಳು ತಡೆದಳು. "ಅವ್ವಾ, ಈ ಮದುವಿ ರೊಟ್ಟಿ ಮಾಡಿದ್ರ ಬಾಡಿಗಿ ಹೆಚ್ಚಾಗತೈತೇನು?" ಆಗುವುದಿಲ್ಲ. ಶೆಡ್ಡಿನ ಬಾಡಿಗೆ ಒಂದು ರೊಟ್ಟಿ ಮಾಡಿದರೂ ಅಷ್ಟೇ, ಹತ್ತು ಸಾವಿರ ಮಾಡಿದರೂ ಅಷ್ಟೇ. ಅದು ಸ್ಥಿರ ವೆಚ್ಚ. ರೊಟ್ಟಿ ಹೆಚ್ಚಾದಂತೆ ಹೆಚ್ಚಾಗುವುದು ಆ 5.30 ಮಾತ್ರ. ಮದುವೆಯವರೇ ಗಾಡಿ ತಂದು ಒಯ್ಯುವವರಿದ್ದರು. ಅಂದರೆ ಆರಕ್ಕೆ ಮಾರಿದ ಪ್ರತಿ ರೊಟ್ಟಿಯಿಂದ 70 ಪೈಸೆ ಮೇಲುಳಿಯುತ್ತದೆ. 2,000 ರೊಟ್ಟಿಗೆ 1,400. ಸಂಜೆ ಜಾಸ್ತಿ ಹೊತ್ತು ಕುಳಿತು ಬಡಿದುಕೊಟ್ಟೆವು. ಅಕ್ಕಂದಿರಿಗೂ ಕೂಲಿ ಸಿಕ್ಕಿತು. ಕಾಕಾ ಮಾತ್ರ ಒಂದು ಎಚ್ಚರಿಕೆ ಹೇಳಿದರು. ದಿನದ ಗಿರಾಕಿಗಳಿಗೆ ಈ ಭಾವ ಗೊತ್ತಾಗಬಾರದು. ಎಲ್ಲರೂ ಆರಕ್ಕೆ ಕೇಳಿದರೆ ಬಾಡಿಗೆ ಕಟ್ಟುವವರು ಯಾರು?

ಇದೇ ಲೆಕ್ಕದಿಂದ ಇನ್ನೊಂದು ಅಂಕಿ ಸಿಕ್ಕಿತು. ಏಳು ರೂಪಾಯಿಯಲ್ಲಿ 5.30 ಕಳೆದರೆ 1.70. ತಿಂಗಳ 6,000 ಸ್ಥಿರ ವೆಚ್ಚ ತೀರಲು 3,530 ರೊಟ್ಟಿ ಬೇಕು. ಅಲ್ಲಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಅಂದರೆ ತಿಂಗಳ ಮೊದಲ ಹನ್ನೆರಡು ದಿನ ನಾನು ಶೆಡ್ಡಿನ ಮಾಲೀಕರಿಗೆ, ಆಟೋದವನಿಗೆ, ಕರೆಂಟಿಗೆ ದುಡಿಯುತ್ತೇನೆ. ಹದಿಮೂರನೇ ದಿನದಿಂದ ಲಾಭ. ಶೆಡ್ಡಿನ ಗೋಡೆಯ ಮೇಲೆ ಸುಣ್ಣದಲ್ಲಿ 3,530 ಅಂತ ಬರೆದಿದ್ದೆ. ಅಕ್ಕಂದಿರು ದಿನಾ ಕೇಳುತ್ತಿದ್ದರು, "ದಾಟಿತೇನ?"

ಮಾರ್ಚ್ 31ಕ್ಕೆ ವರ್ಷ ಮುಗಿಸಿದೆವು. ಕಾಕಾ ಕೆಲಸಕ್ಕೆ ಸೇರಿದಾಗ ಅವರ ಅಂಗಡಿಯ ವರ್ಷ ದೀಪಾವಳಿಯಿಂದ ದೀಪಾವಳಿಗೆ ಇತ್ತಂತೆ. ಲಕ್ಷ್ಮೀ ಪೂಜೆಗೆ ಹೊಸ ಪುಸ್ತಕ ಇಟ್ಟು ಅರಿಶಿನ ಕುಂಕುಮ ಹಚ್ಚಿ ಶುರು. ಆದಾಯ ತೆರಿಗೆಗೆ ಎಲ್ಲರಿಗೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷವೇ ಅಂತಾದದ್ದು 1989ರ ಸುಮಾರಿಗೆ. ಪೂಜೆ ದೀಪಾವಳಿಗೇ ಉಳಿಯಿತು, ಲೆಕ್ಕ ಮಾರ್ಚ್‌ಗೆ ಹೋಯಿತು.

ಅವತ್ತು ಮಗಳು ದೊಡ್ಡ ಹಾಳೆಯ ನಡುವೆ ಗೆರೆ ಎಳೆದಳು. ಬಲಕ್ಕೆ ಆಸ್ತಿ. ಡಬ್ಬಿಯಲ್ಲಿ 2,860, ಬ್ಯಾಂಕಿನಲ್ಲಿ 7,340. ಬರಬೇಕಾದ ಉದ್ರಿ 31,400. ಜೋಳ, ಹಿಟ್ಟು, ಮಾಡಿಟ್ಟ ರೊಟ್ಟಿ 9,600. ಒಲೆ, ಹಂಚು, ತಕ್ಕಡಿ ಸವಕಳಿ ಕಳೆದು 14,800. ಶೆಡ್ಡಿನ ಡಿಪಾಜಿಟ್ 10,000. ಒಟ್ಟು 76,000. ಎಡಕ್ಕೆ ಜವಾಬ್ದಾರಿ, ಅಂದರೆ ಅಂಗಡಿ ಕೊಡಬೇಕಾದದ್ದು. ಜೋಳದ ಅಂಗಡಿಗೆ 12,500, ಸಂಘದ ಸಾಲ 18,000, ಕೊಡಬೇಕಾದ ಕೂಲಿ 1,500. ಒಟ್ಟು 32,000. ಉಳಿದ 44,000 ನನ್ನ ಬಂಡವಾಳ ಅಂತ ಅದನ್ನೂ ಎಡಕ್ಕೇ ಬರೆದಳು. ನನ್ನ ಸ್ವಂತ ರೊಕ್ಕ ಜವಾಬ್ದಾರಿಯ ಕಡೆ ಯಾಕೆ ಅಂತ ಕೇಳಲು ಬಾಯಿ ತೆರೆದವಳು ಸುಮ್ನೆ ಆದೆ. ಅಂಗಡಿ ಬೇರೆ, ನಾನು ಬೇರೆ. ಅಂಗಡಿ ನನಗೆ 44,000 ಕೊಡಬೇಕು. ಜನವರಿಯಲ್ಲಿ ಫೀ ವಿಷಯಕ್ಕೆ ಕಾಕಾ ಹೇಳಿದ ಮಾತು ಪೂರ್ತಿ ತಿಳಿದದ್ದು ಅವತ್ತು.

ಎರಡೂ ಕಡೆ 76,000. ಕಾಕಾ ಹಾಳೆ ಕೈಯಲ್ಲಿ ಹಿಡಿದು ಒಂದೇ ಅಂಕಿಯ ಮೇಲೆ ಬೆರಳಿಟ್ಟರು. 31,400. "ಸಾಲ ಯಾಕ ಬೇಕು ನಿನಗ? ನಿನ್ನ ಮೆಷಿನ್ನಿನ ಮುಕ್ಕಾಲು ರೊಕ್ಕ ಖಾನಾವಳಿಯವರ ಕಿಸೆದಾಗ ಐತಿ."

ಎರಡು ವರ್ಷ ನಾನು ಆ ಅಂಕಿಯನ್ನು ಒಟ್ಟಾಗಿ ನೋಡಿರಲೇ ಇಲ್ಲ. ಒಬ್ಬರದು ನಾಲ್ಕು ಸಾವಿರ, ಇನ್ನೊಬ್ಬರದು ಆರು ಸಾವಿರ ಅಂತ ಅಂದಾಜು ಇತ್ತು, ಅಷ್ಟೇ. ಮರುದಿನದಿಂದ ಪ್ರತಿಯೊಬ್ಬರಿಗೂ ಖಾತೆ ಉತಾರ ಬರೆದೆ. ತಾರೀಖು, ರೊಟ್ಟಿ, ಮೊತ್ತ, ಕೊಟ್ಟದ್ದು, ಬಾಕಿ. ದೊಡ್ಡ ಬಾಕಿ 9,800 ಇತ್ತು. ಮೊದಲು ಅವರ ಹತ್ತಿರ ಹೋದೆ. ಹಿಂದೆಲ್ಲ "ಕೊಡ್ತೀನಿ ಬಿಡವಾ ತಂಗಿ, ಎಲ್ಲಿ ಓಡಿ ಹೋಗ್ತೀನಿ" ಅಂದರೆ ವಾಪಸ್ ಬರುತ್ತಿದ್ದೆ. ಈ ಸಲ ಹಾಳೆ ಕೈಗೆ ಕೊಟ್ಟು ಬೆಂಚಿನ ಮೇಲೆ ಕುಳಿತೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮಾರ್ಚ್ 8ರ ಸಾಲಿಗೆ ಬೆರಳಿಟ್ಟು, ಅವತ್ತು ಹೋಳಿ, ಖಾನಾವಳಿ ಮುಚ್ಚಿತ್ತು ಅಂದರು. ನಾನು ಕಿರ್ದಿ ತೆಗೆದು ತೋರಿಸಿದೆ. ಹಿಂದಿನ ಸಂಜೆ ಒಯ್ದದ್ದನ್ನು ಮರುದಿನ ಬರೆದಿದ್ದೆ. ಅವರು ತಲೆಯಾಡಿಸಿ ಗಲ್ಲೆಯಿಂದ 5,000 ಎಣಿಸಿ ಕೊಟ್ಟರು. ನನ್ನ ದನಿ ಏರಲಿಲ್ಲ, ಅವರದೂ ಏರಲಿಲ್ಲ. ಬರೆದ ಹಾಳೆ ನಡುವೆ ಇದ್ದರೆ ಕೇಳುವುದು ಎಷ್ಟು ಸುಲಭ! ಮೇ ಮುಗಿಯುವ ಹೊತ್ತಿಗೆ 22,000 ಬಂತು. ಹದಿನೈದು ದಿನಕ್ಕಿಂತ ಜಾಸ್ತಿ ಉದ್ರಿ ಇಲ್ಲ ಅಂತ ಎಲ್ಲರಿಗೂ ಹೇಳಿದೆ.

ಏಪ್ರಿಲ್‌ನಲ್ಲಿ ಧೈರ್ಯ ಮಾಡಿ ದರವನ್ನೂ ಎಂಟಕ್ಕೆ ಏರಿಸಿದ್ದೆ. ಗಿರಾಕಿ ಹೋಗುತ್ತಾರೆ ಅನ್ನುವ ಭಯ ಇತ್ತು. ಹೋದರು ಕೂಡ. ಒಂದು ಖಾನಾವಳಿ ಬಿಟ್ಟಿತು, ತಿಂಗಳ ಮಾರಾಟ 6,600ಕ್ಕೆ ಇಳಿಯಿತು. ಬಂದದ್ದು 52,800, ಮೊದಲಿಗಿಂತ 300 ರೂಪಾಯಿ ಜಾಸ್ತಿ, ಅಷ್ಟೇ. ಆದರೆ 900 ರೊಟ್ಟಿ ಕಡಿಮೆ ಬಡಿದಿದ್ದೆವು. ರೊಟ್ಟಿಗೆ 2.70 ಉಳಿಯುವಂತಾಗಿ, ನನ್ನ ಕೂಲಿ ಕಳೆದ ಮೇಲಿನ ಲಾಭ 6,750ರಿಂದ 11,820ಕ್ಕೆ ಹೋಯಿತು. ದರ ಏರಿದರೆ ಬೇಡಿಕೆ ಎಷ್ಟು ಜಗ್ಗುತ್ತದೆ ಅನ್ನುವುದಕ್ಕೆ ಮಗಳ ಪುಸ್ತಕದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತ ಉದ್ದನೆಯ ಹೆಸರಿದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದವಳು ನಮ್ಮ ಅಂಕಿ ಹಾಕಿ ನೋಡಿದ ಮೇಲೆ ಬಾಯಿಪಾಠ ಬಿಟ್ಟಳು.

ಜೂನ್‌ನಲ್ಲಿ ಬೇರೆ ಒಂದು ಬ್ಯಾಂಕಿಗೆ ಹೋದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡವಿಲ್ಲದೆ ಸಾಲ ಸಿಗುತ್ತದೆ. ನಾನು ಕೇಳಿದ್ದು 20,000 ಮಾತ್ರ. ಕಿರ್ದಿ, ಖಾತೆ, ಆ ದೊಡ್ಡ ಹಾಳೆ ಮೂರನ್ನೂ ಮೇಜಿನ ಮೇಲಿಟ್ಟೆ. ಮೆಷಿನ್ ಏಳು ವರ್ಷ ಬಾಳುತ್ತದೆ ಅಂತ ಹಿಡಿದರೆ ತಿಂಗಳಿಗೆ ಸವಕಳಿ 500, ಬಡ್ಡಿ ಸುಮಾರು 200, ಕರೆಂಟ್ 200. ಸ್ಥಿರ ವೆಚ್ಚ 6,900 ಆಗುತ್ತದೆ. ಅದನ್ನು ತೀರಿಸಲು ದಿನಕ್ಕೆ ಹದಿನಾಲ್ಕು ರೊಟ್ಟಿ ಜಾಸ್ತಿ ಮಾರಿದರೆ ಸಾಕು, ಮೆಷಿನ್ ಉಳಿಸುವ ಹೊತ್ತಿನಲ್ಲಿ ಅರವತ್ತು ಬಡಿಯಬಹುದು ಅಂತ ಬರೆದುಕೊಂಡು ಹೋಗಿದ್ದೆ. ಮ್ಯಾನೇಜರ್ ಬಾಯಿ ಎಲ್ಲ ಓದಿ, ಇದನ್ನು ಯಾರು ಮಾಡಿಕೊಟ್ಟರು ಅಂತ ಕೇಳಿದರು. ನಾನೇ ಅಂದೆ. ಹತ್ತು ದಿನದಲ್ಲಿ ಸಾಲ ಬಂತು.

ಸುದ್ದಿ ಹೇಳಲು ಹೋದಾಗ ಕಾಕಾ ನಮ್ಮ ಗದಗ ತಾಲೂಕಿನ ಕಣಗಿನಹಾಳದ ಮಾತು ತೆಗೆದರು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರಿಗಾಗಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅಂತ ಅದನ್ನು ಇವತ್ತಿಗೂ ನೆನೆಯುತ್ತಾರೆ. "ಪತ್ತು ಅಂದ್ರ ಏನು ಗೊತ್ತೇನ? ಮಂದಿ ನಿನ್ನ ಮ್ಯಾಲ ಇಡೂ ನಂಬಿಗಿ. ಅದನ್ನ ಪುಸ್ತಕದಾಗ ಬರದ ತೋರಸ್ಬೇಕು" ಅಂದರು ಕಾಕಾ.

ಉದ್ರಿಯಲ್ಲಿ ಒಂದು ಬಾಕಿ ಮಾತ್ರ ಬರಲಿಲ್ಲ. ಸ್ಟೇಷನ್ ಕಡೆಯ ಒಂದು ಸಣ್ಣ ಖಾನಾವಳಿ, 350 ರೊಟ್ಟಿಯ 2,450 ರೂಪಾಯಿ. ಅವರು ಖಾನಾವಳಿ ಮುಚ್ಚಿ ಗೋವಾಕ್ಕೆ ಕೆಲಸಕ್ಕೆ ಹೋದರು. ಒಳ್ಳೆಯ ಮನುಷ್ಯ, ನಷ್ಟ ಆಗಿತ್ತು. ಒಂದು ವರ್ಷ ಆ ಖಾತೆಯನ್ನು ಹಾಗೇ ಇಟ್ಟೆ. 2024ರ ಮಾರ್ಚ್ 31ರಂದು ಕಾಕಾ ಆ ಪುಟ ತೆರೆಸಿದರು. ಬರುತ್ತದೆ ಅನ್ನುವ ಆಸೆಯನ್ನು ಆಸ್ತಿ ಅಂತ ಬರೆಯಬಾರದು, ನಷ್ಟಕ್ಕೆ ಹಾಕು ಅಂದರು. ಪೆನ್ನು ಹಿಡಿದವಳ ಕೈ ಮುಂದೆ ಹೋಗಲಿಲ್ಲ. 350 ರೊಟ್ಟಿ ಅಂದರೆ ನಾವು ಮೂವರು ಒಂದು ದಿನ ಪೂರ್ತಿ ಬಡಿದು, ಮರುದಿನವೂ ಸ್ವಲ್ಪ ಬಡಿದದ್ದು. ಆಮೇಲೆ ಬರೆದೆ. ಮುಳುಗಿದ ಬಾಕಿ, 2,450. ಆ ಖಾತೆಯ ಕೆಳಗೆ ಎರಡು ಗೆರೆ ಎಳೆದೆ.

ಆ ವರ್ಷ ಶ್ರಾವಣದಲ್ಲಿ ಒಂದು ಸಂಜೆ ಅವರು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಹಬ್ಬಕ್ಕೆ ಊರಿಗೆ ಬಂದಿದ್ದರು. "ಅಕ್ಕಾರ, ಪೂರ್ತಿ ಕೊಡಾಕ ಆಗವಲ್ದು" ಅಂತ 1,500 ಕೈಗಿಟ್ಟರು. ಕುಳ್ಳಿರಿಸಿ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಲೆ ಬಡಿಸಿದೆ. ರಾತ್ರಿ ಕಿರ್ದಿ ತೆಗೆದಾಗ ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. "ಯಾವ ಖಾತೆಕ ಹಾಕ್ತಿ?" ಅಂತ ಕೇಳಿದರು. ಆ ಮನುಷ್ಯನ ಖಾತೆ ಮುಗಿದಿದೆ, ಅವರ ಹೆಸರಿಗೆ ಈಗ ಬಾಕಿ ಇಲ್ಲ. ಬಿಟ್ಟ ಹಣ ತಿರುಗಿ ಬಂದರೆ ಅದು ಈ ವರ್ಷದ ಆದಾಯ. ಹಾಗೇ ಹೇಳಿದೆ. ಕಾಕಾ ಏನೂ ಅನ್ನಲಿಲ್ಲ, ಎಲೆ ಅಡಿಕೆಯ ಚಂಚಿ ಬಿಚ್ಚಿದರು. ಎಡಗಡೆಯ ಮನೆಯಲ್ಲಿ ಬರೆದೆ: ಮುಳುಗಿದ ಬಾಕಿ ವಸೂಲು, ಜಮಾ, 1,500. ಡಬ್ಬಿ ಎಣಿಸಿದೆ. ಶಿಲ್ಕು ಸರಿ ಬಂತು.